ಶೆಟ್ಟರ ಕಾರು, ರಘುಪತಿಯ ಕಾರುಬಾರು

ಕಾರಿನ ಕಾಗದಪತ್ರಗಳಲ್ಲಿ ಇದ್ದದ್ದು ಠಾಣೆ ಶಹರದ ಹೋಟೆಲ್ ಧಣಿ ಲೋಕನಾಥ ಶೆಟ್ಟರ ಹೆಸರು. ಆದರೆ ಅದನ್ನು ಮುಟ್ಟಬೇಕಾದರೆ ಶೆಟ್ಟರೂ ಡ್ರೈವರ್ ರಘುಪತಿಯ ಮುಖ ನೋಡಿಯೇ ಮುಟ್ಟಬೇಕಿತ್ತು. ಸ್ವಾತಂತ್ರ್ಯಕ್ಕಿಂತ ಮೊದಲಿನ ವಿಲಾಯತಿ ಕಾರು ಅದು. ಮಡಚುವ ಬಟ್ಟೆಯ ಮಾಡು, ಹಂಡೆಯಂಥ ದೀಪಗಳು, ಹಿಂದೆ ಸೋಫಾದಷ್ಟು ಅಗಲದ ತೊಗಲಿನ ಸೀಟು. ಕಾರ್ಕಳದ ಕಡೆಯಿಂದ ಬಂದ ರಘುಪತಿ ಇಪ್ಪತ್ತಾರು ವರ್ಷ ಅದನ್ನು ಒರೆಸಿದ್ದ, ಮದುವೆಗಳಿಗೆ ಓಡಿಸಿದ್ದ, ಹತ್ತಿದವರಿಗೆಲ್ಲ ದಾಕ್ಷಿಣ್ಯವಿಲ್ಲದೆ ಬೈದಿದ್ದ. ಡೊಂಬಿವಲಿಯ ಒಬ್ಬ ಮದುಮಗ ಸೀಟಿನ ಮೇಲೆ ಕಾಲಿಟ್ಟದ್ದಕ್ಕೆ ಪೇಟ ಸಮೇತ ಕೆಳಗಿಳಿಸಿದ್ದನಂತೆ. ತಾನು ಮಾತ್ರ ಆ ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂತವನಲ್ಲ. ತನ್ನ ಮದುವೆಗೆ ಅವನು ಹೋದದ್ದು ಬಸ್ಸಿನಲ್ಲಿ, ಅದೂ ನಿಂತುಕೊಂಡು.

2009ರಲ್ಲಿ ಶೆಟ್ಟರಿಗೆ ಗ್ಯಾರೇಜಿದ್ದ ಜಾಗದಲ್ಲಿ ಎ.ಸಿ. ಫ್ಯಾಮಿಲಿ ರೂಮ್ ಕಟ್ಟುವ ಮನಸ್ಸಾಯಿತು. 'ಸುಸ್ಥಿತಿಯಲ್ಲಿರುವ ಹಳೆಯ ಕಾರು ಮಾರಾಟಕ್ಕಿದೆ' ಎಂದು ಪೇಪರಿನಲ್ಲಿ ಹಾಕಿಸಿದರು. ರಘುಪತಿ ಆ ಪೇಪರನ್ನು ಎರಡು ಸಲ ಓದಿದ. ಕಾರು ಹೋದ ಮೇಲೆ ಐವತ್ತೆಂಟರ ಡ್ರೈವರನನ್ನು ಎಲ್ಲಿ ಕೂರಿಸುತ್ತಾರೆ? ಹೋಟೆಲಿನಲ್ಲಿ ಟೋಕನ್ ಕೊಡುವ ಸ್ಟೂಲಿನ ಮೇಲೆ. ಆ ಸ್ಟೂಲಿನ ಯೋಚನೆಗೇ ಅವನಿಗೆ ಅನ್ನ ಸೇರಲಿಲ್ಲ.

ಆದರೆ ಅವನೇನು ಸಾಮಾನ್ಯ ಆಸಾಮಿಯಲ್ಲ. ಗಿರಾಕಿ ಬಂದ ಕೂಡಲೇ ಡ್ಯಾಶ್‌ಬೋರ್ಡಿನ ಅಡಿಗೆ ಕೈಹಾಕಿ, ಪೆಟ್ರೋಲ್ ಬಿಡುವ ತಿರುಪನ್ನು ಮೆಲ್ಲನೆ ಮುಚ್ಚುತ್ತಿದ್ದ. ಒಳಗುಳಿದ ಪೆಟ್ರೋಲಿನಲ್ಲಿ ಕಾರು ಒಂದು ಫರ್ಲಾಂಗು ಗತ್ತಿನಿಂದ ಹೋಗಿ, ಕೆಮ್ಮಿ, ನಿಂತುಬಿಡುತ್ತಿತ್ತು.

"ಪ್ರಾಯ ಆಯ್ತಲ್ಲ, ಎಂತ ಮಾಡುದು," ಎಂದು ರಘುಪತಿ ಸಾವಿನ ಮನೆಯ ಮುಖ ಮಾಡುತ್ತಿದ್ದ. ಹೀಗೆ ಮೂವರು ಗಿರಾಕಿಗಳು ಕಾರು ತಳ್ಳಿ, ಬೆವರಿ, ಮನೆಗೆ ಹೋದರು.

ನಾಲ್ಕನೆಯವಳು ಕೋಪರಖೈರಣೆಯ ವನಮಾಲಾ. ವಿಜಾಪುರದಿಂದ ಹಮಾಲಿ ಮಾಡಲು ಬಂದವರ ಮಗಳು, ಈಗ ಆರು ಟೆಂಪೊಗಳ ಒಡತಿ. ಕಾರನ್ನು ಮದುವೆಗಳಿಗೆ ಬಾಡಿಗೆ ಬಿಡುವುದು ಅವಳ ಯೋಚನೆ. ಅವಳು ಬರುವುದು ಕಂಡಾಗಲೇ ರಘುಪತಿ ತಿರುಪು ಮುಚ್ಚಿದ್ದ. ಬಂದವಳೇ ಸ್ಟಿಯರಿಂಗಿಗೆ ಕೂತಳು. ಪಕ್ಕದ ಸೀಟನ್ನು ಶೆಟ್ಟರು ಆಗಲೇ ಹಿಡಿದಿದ್ದರು.

"ಕಾಕಾ, ನೀವು ಹಿಂದ ಕೂಡ್ರಿ," ಎಂದಳು.

ರಘುಪತಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸೀಟಿನ ಅಂಚಿನಲ್ಲಿ ಕೂತ.

ಫರ್ಲಾಂಗು ಮುಗಿಯಿತು. ಕಾರು ಕೆಮ್ಮಿ ನಿಂತಿತು. ಅವನು ಸಾವಿನ ಮನೆಯ ಮುಖ ಮಾಡುವಷ್ಟರಲ್ಲಿ ವನಮಾಲಾ ಬಗ್ಗಿ ತಿರುಪು ತೆರೆದೂ ಆಗಿತ್ತು.

"ಗಾಡಿಗೆ ಏನೂ ಆಗಿಲ್ರೀ. ಯಾರೋ ಪೆಟ್ರೋಲ್ ಬಂದ್ ಮಾಡ್ಯಾರ."

ಶೆಟ್ಟರು ಹಿಂದಕ್ಕೆ ತಿರುಗಿ ನೋಡಿದರು. ರಘುಪತಿ ಆಕಾಶ ನೋಡಿದ.

ಸಿಕ್ಕಿಬಿದ್ದವನು ಬಾಯಿ ಮುಚ್ಚಿಕೊಂಡಿದ್ದರೆ ಉಳಿದಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಗೇರು ಕರಕರ ಎಂದಾಗ ಅವನಿಂದ ತಡೆಯಲಾಗಲಿಲ್ಲ. "ಎರಡು ಸಲ ಕ್ಲಚ್ ಒತ್ತಿ. ಇದು ನಿಮ್ಮ ಟೆಂಪೊ ಅಲ್ಲ ಮಾರಾಯ್ರೆ. ಬ್ರೇಕ್ ಮೊದಲೇ ಹಿಡೀಬೇಕು. ಆ ರಿಕ್ಷಾದವನನ್ನು ನಂಬಬೇಡಿ." ಕಲ್ವಾ ಸೇತುವೆ ದಾಟಿ ವಾಪಸ್ ಬರುವವರೆಗೂ ಬೈಗುಳ ನಿಲ್ಲಲಿಲ್ಲ. ಬೈಯುತ್ತ ಬೈಯುತ್ತ ಅವನು ಅಂಚಿನಿಂದ ಸರಿದು, ಸೀಟಿಗೆ ಹಾಯಾಗಿ ಒರಗಿಯೂ ಬಿಟ್ಟಿದ್ದ.

ಹೋಟೆಲಿನ ಮುಂದೆ ಇಳಿದ ವನಮಾಲಾ ಶೆಟ್ಟರು ಹೇಳಿದ ರೇಟಿಗೇ ಒಪ್ಪಿದಳು. ಬಾಗಿಲಾಚೆಗಿನ ಸ್ಟೂಲು ರಘುಪತಿಯ ಕಣ್ಣಿಗೆ ಬಿತ್ತು.

"ಒಂದು ಮಾತು ಶೆಟ್ರ," ಎಂದಳು ಅವಳು. "ಓಡಸಾಕ ನನ್ನ ಕಡೆ ಡ್ರೈವರ್ ಅದಾರ. ಆದ್ರ ಹಿಂದ ಕುಂತು ಅವರಿಗೆ ಬೈಯಾಕ ಇಂಥವರೊಬ್ಬರು ಬೇಕು. ಕಾಕಾನ್ನೂ ಕಳಸ್ತೀರೇನು?"

ಶೆಟ್ಟರು ಬಾಯಿ ತೆರೆಯುವ ಮೊದಲೇ ರಘುಪತಿ ಹೇಳಿದ: "ಚಪ್ಪಲಿ ಹಾಕಿಕೊಂಡು ಹತ್ತುವ ಡ್ರೈವರ್ ಆದರೆ ಆಗ್ಲಿಕ್ಕಿಲ್ಲ."

ಅವನ ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.