ಮಂಡಿಗೊಬ್ಬ ಕಾರ್ಮಿಕ

ಮಂಡಿನೋವಿನ ಸಂಶೋಧನೆಗಳ ಬಗ್ಗೆ ನಾನು ಬರೆದ ಸಮೀಕ್ಷೆ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕೊಡ್ಲಿಪೇಟೆ ಕಡೆಯ ಕಾಫಿ ಎಸ್ಟೇಟೊಂದರ ಕಾರ್ಮಿಕರ ಮೇಲೆ ಹಿಂದೆ ಬೇರೆಯವರು ಮಾಡಿದ್ದ ಅಧ್ಯಯನವೂ ಅದರಲ್ಲಿ ಸೇರಿತ್ತು. ಆ ಕಡೆ ಹೋದಾಗ ಜಂಬದಿಂದ ಅಲ್ಲಿನ ರೈಟರ್ ಮಂಜಪ್ಪನವರಿಗೆ ತೋರಿಸಿದೆ. ದಿನಾ ಬೆಳಿಗ್ಗೆ ಹೆಸರು ಕೂಗಿ ಹಾಜರಿ ಹಾಕುವ ಅವರು ಕೋಷ್ಟಕದಲ್ಲಿ ತಮ್ಮ ಎಸ್ಟೇಟಿನ ಜನಸಂಖ್ಯೆಯ ಮೇಲೆ ಬೆರಳಿಟ್ಟರು.

"ನಮ್ಮ ಲೈನ್ ಮನೆಗಳಲ್ಲಿ ಇಷ್ಟು ಜನ ಆಳು ಎಲ್ಲಿದ್ರು ಡಾಕ್ಟ್ರೇ? ಸರಿಯಾಗಿ ಎರಡರಷ್ಟು ಹಾಕಿದೀರಲ್ಲ!"

ಮೂಲ ಅಧ್ಯಯನ ತೆಗೆದು ನೋಡಿದೆ. ಅದರಲ್ಲಿದ್ದದ್ದು ಪರೀಕ್ಷಿಸಿದ ಮಂಡಿಗಳ ಸಂಖ್ಯೆ. ನಾನು ಅದನ್ನೇ ಜನರ ಸಂಖ್ಯೆ ಅಂತ ಬರೆದಿದ್ದೆ! ಅಂದೇ ಸಂಪಾದಕರಿಗೆ ತಪ್ಪೊಪ್ಪಿಕೊಂಡೆ, ತಿದ್ದುಪಡಿ ಅಚ್ಚಾಯಿತು.

ಅದನ್ನೂ ಮಂಜಪ್ಪನವರಿಗೆ ತೋರಿಸಿದೆ. "ಸದ್ಯ, ನಾನು ಬದುಕಿದೆ" ಅಂದರು. "ಕಾಫಿ ಹಣ್ಣು ಕೊಯ್ಯೋಕೆ ಆಳಿಲ್ಲ ಅಂತ ವರ್ಷಾ ವರ್ಷಾ ಹೇಳ್ತಿರೋನು ನಾನು. ಮೊದಲಿನದು ಸಾವ್ಕಾರ್ರ ಕಣ್ಣಿಗೆ ಬಿದ್ದಿದ್ರೆ, ಉಳಿದರ್ಧ ಜನ ಎಲ್ಲಯ್ಯಾ ಅಂತ ನನ್ನನ್ನೇ ಹಿಡ್ಕೋತಿದ್ರು!"