ಕಠ್ಮಂಡುವಿನಲ್ಲಿ ಮಂಡಕ್ಕಿ ಭಟ್ಟಿಯ ಅರ್ಜಿ

ಕಠ್ಮಂಡುವಿನ ಕೈಗಾರಿಕಾ ಕಚೇರಿಯಲ್ಲಿ ಇವತ್ತು ಅಧಿಕಾರಿ ನನ್ನ ಹೆಸರಿನ ಮುಂದೆ ‘ವಿದೇಶಿ ಬಂಡವಾಳಗಾರ’ ಎಂದು ಬರೆದುಕೊಂಡರು. ಚನ್ನಗಿರಿಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ನನಗೆ ನಗು ಬಂತು. ಇಲ್ಲೂ ಒಂದು ಭಟ್ಟಿ ಹಾಕಲು ಪರವಾನಗಿ ಕೇಳಿ ಬಂದಿದ್ದೆ.

“ಸ್ಥಳೀಯ ಪಾಲುದಾರ ಬೇಕೇ ಬೇಕು. ಇಲ್ಲಿ ನಿಮಗೆ ಯಾರು ಗೊತ್ತು?” ಅವರು ಹಿಂದಿಯಲ್ಲಿ ಕೇಳಿದರು.

“ನಂಗ್ಯಾರು ಗೊತ್ತದಾರ್ರೀ ಇಲ್ಲಿ?” ಎಂದುಬಿಟ್ಟೆ.

ಅವರು ಅರ್ಥವಾಗದೆ ನನ್ನ ಮುಖ ನೋಡಿದಾಗಲೇ ನಾನು ಕನ್ನಡದಲ್ಲಿ ಮಾತಾಡಿದ್ದು ತಿಳಿಯಿತು. ಊರಿಗೆ ಟ್ರಂಕ್ ಕಾಲ್ ಸಿಕ್ಕಿರಲಿಲ್ಲ. ಇಲ್ಲಿಗೆ ಬಂದ ಒಂಬತ್ತು ದಿನದಲ್ಲಿ ಅದೇ ನನ್ನ ಮೊದಲ ಕನ್ನಡ ಮಾತು.

“ನಿಮ್ಮೊಬ್ಬರನ್ನು ಬಿಟ್ಟರೆ ಯಾರೂ ಇಲ್ಲ,” ಎಂದು ಹಿಂದಿಯಲ್ಲಿ ಹೇಳಿದೆ.

ಅವರು ನಗಲಿಲ್ಲ. ಅರ್ಜಿಯನ್ನು ಮೆಲ್ಲಗೆ ನನ್ನತ್ತ ತಳ್ಳಿ, ಒಂದು ಹೆಸರು ತನ್ನಿ ಎಂದರು.

ಹೊರಗಿನ ಬೆಂಚಿನ ಮೇಲೆ ಕೂತು ಹೋಗಿಬರುವವರ ಮುಖ ನೋಡುತ್ತಿದ್ದೇನೆ. ಮೊದಲು ಯಾರನ್ನು ಮಾತಾಡಿಸಬೇಕೋ ತಿಳಿಯುತ್ತಿಲ್ಲ.