ಗೆರೆ ಬಾರದ ಹೆಸರು

ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ನಾನು ಟೈಪಿಂಗ್ ಸೆಂಟರ್ ಇಟ್ಟಿದ್ದ ಕಾಲ ಅದು. ಟೈಪ್‌ರೈಟರ್ ಮಾರಿ ಕಂಪ್ಯೂಟರ್ ತಂದಿದ್ದೆ. ತಲೆ ಸ್ವಲ್ಪ ತಿರುಗಿತ್ತು ಅನ್ನಿ. ಇಂಗ್ಲಿಷ್ ಅರ್ಜಿಯಲ್ಲಿ ನಮ್ಮ ಜನರ ಹೆಸರು ಬಂದರೆ ಸಾಕು, ಕಂಪ್ಯೂಟರ್ ಅದರ ಕೆಳಗೊಂದು ಕೆಂಪು ಗೆರೆ ಎಳೆಯುತ್ತಿತ್ತು. ಪಕ್ಕದಲ್ಲಿ ಕೂತ ಗಿರಾಕಿಗೆ ಗಾಬರಿ. ಕೆಂಪು ಶಾಯಿ ಅಂದರೆ ತಪ್ಪು ಎಂದು ಮೇಷ್ಟ್ರುಗಳು ಎಲ್ಲರಿಗೂ ಕಲಿಸಿಬಿಟ್ಟಿದ್ದರು. 'ಅದ್ನ ತೆಗೀರಿ ಸಾ, ಆಫೀಸ್ನಾಗೆ ವಾಪಸ್ ಕಳಿಸ್ಬುಡ್ತಾರೆ' ಎನ್ನುತ್ತಿದ್ದರು. ಪ್ರಿಂಟಿನಲ್ಲಿ ಗೆರೆ ಬರುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಪ್ರತಿ ಹೆಸರಿಗೂ 'ಆ್ಯಡ್' ಒತ್ತಿ ಕಂಪ್ಯೂಟರಿನ ಪದಪಟ್ಟಿಗೆ ಸೇರಿಸುವುದನ್ನು ರೂಢಿ ಮಾಡಿಕೊಂಡೆ; ಆಮೇಲೆ ಆ ಹೆಸರಿಗೆ ಗೆರೆ ಬರುತ್ತಿರಲಿಲ್ಲ.

ಒಂದು ದಿನ ತಿ. ನರಸೀಪುರದ ಕಡೆಯಿಂದ ಒಬ್ಬ ಹೆಂಗಸು ಬಂದರು. ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಮಕ್ಕಳ ಅಕ್ಕಿಯನ್ನು ವಾರ್ಡನ್ ಮಾರಿಕೊಳ್ಳುತ್ತಿದ್ದಾರೆಂದು ಮೇಲಧಿಕಾರಿಗೆ ಮೂಗರ್ಜಿ ಹಾಕಬೇಕಿತ್ತು. ಇಂಗ್ಲಿಷಿನಲ್ಲಿದ್ದರೆ ಅಡುಗೆಯವಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂಬುದು ಅವರ ಯೋಚನೆ. ಜೊತೆಗೇ ಮಗಳ ಸ್ಕಾಲರ್‌ಶಿಪ್ ಅರ್ಜಿಯನ್ನೂ ಮಾಡಿಸಿದರು. ಅದರಲ್ಲಿ ತಾಯಿಯ ಹೆಸರು ಬೇಕಿತ್ತು, ಹಾಕಿದೆ. ಅಲ್ಲಿ ವಾರ್ಡನ್ ಹೆಸರಿಗೆ, ಇಲ್ಲಿ ಇವರ ಹೆಸರಿಗೆ ಗೆರೆ ಬಂತು; ರೂಢಿಯಂತೆ 'ಆ್ಯಡ್' ಒತ್ತಿದೆ.

'ಅಣ್ಣಾ, ಯಾರ್ಗೂ ಏಳ್ಬ್ಯಾಡಿ. ಕೆಲ್ಸ ಕಳ್ಕಂಡ್ರೆ ನಾವ್ ಬೀದಿಪಾಲು' ಎಂದರು. ಪ್ರಿಂಟ್ ಕೊಟ್ಟು, ಅವರೆದುರಿಗೇ ಕಂಪ್ಯೂಟರಿನಿಂದ ಎರಡೂ ಪತ್ರ ಅಳಿಸಿದೆ.

ಎರಡು ತಿಂಗಳಾದ ಮೇಲೆ ದಪ್ಪನೆಯ ಮನುಷ್ಯರೊಬ್ಬರು ಬಂದರು. ಇಲಾಖೆಯ ನೋಟೀಸಿಗೆ ಉತ್ತರ ಕೊಡಬೇಕಿತ್ತಂತೆ. ತಮ್ಮೂರಿನಲ್ಲಿ ಟೈಪ್ ಮಾಡಿಸಿದರೆ ಸುದ್ದಿಯಾಗುತ್ತದೆಂದು ಇಲ್ಲಿಗೆ ಬಂದಿದ್ದರು. ಅವರ ತಂದೆಯ ಹೆಸರಿಗೆ ಗೆರೆ ಬಂತು. ಅವರ ಹೆಸರಿಗೆ ಬರಲಿಲ್ಲ.

'ಇದೇನ್ರೀ, ನನ್ನೆಸ್ರಿಗೆ ಗೆರೆ ಇಲ್ಲ?'

'ಒಂದ್ಸಲ ಸೇರ್ಸಿದ್ರೆ ಆಯ್ತು ಸಾರ್, ಇದು ಮರೆಯೋದೇ ಇಲ್ಲ' ಎಂದೆ, ದೊಡ್ಡ ಜಂಬದಿಂದ. ಹೇಳಿ ಮುಗಿಸಿದ ಮೇಲೆ ಇವರೇ ಆ ವಾರ್ಡನ್ ಎಂದು ಹೊಳೆಯಿತು.

ಅವರು ಕುರ್ಚಿಯನ್ನು ಸ್ಕ್ರೀನಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ 'ನಮ್ ಸ್ಟಾಫ್ ಎಸ್ರೂ ಹೊಡೀರಿ' ಎಂದು ಒಂದೊಂದಾಗಿ ಹೇಳಿದರು. ವಾಚ್‌ಮನ್ನಿಗೆ ಗೆರೆ ಬಂತು, ಗುಮಾಸ್ತನಿಗೂ ಬಂತು. ಅಡುಗೆಯವರದು ಅಪರೂಪದ ಹೆಸರು. ನಾನು ಬೇಕೆಂದೇ ಒಂದಕ್ಷರ ತಪ್ಪು ಹೊಡೆದೆ, ಗೆರೆ ಬಂತು. ಅವರು ಸ್ಕ್ರೀನಿನ ಮೇಲೆ ಬೆರಳಿಟ್ಟು ಸರಿ ಮಾಡಿಸಿದರು. ಗೆರೆ ಹೋಯಿತು.

ಸಂಜೆ ರಿಪೇರಿಯವನನ್ನು ಕರೆಸಿ, ಇದೆಲ್ಲ ಎಲ್ಲಿ ಕೂತಿದೆ ತೋರಿಸಯ್ಯ ಎಂದೆ. ಅವನು ಒಂದು ಸಣ್ಣ ಫೈಲ್ ತೆರೆದ. ನಾನು ಸೇರಿಸಿದ ಹೆಸರುಗಳೆಲ್ಲ ಸಾಲಿಗೊಂದರಂತೆ, ಯಾರು ಬೇಕಾದರೂ ಓದುವ ಹಾಗೆ ಇದ್ದವು. ಪತ್ರ ಅಳಿಸಿದರೆ ಇದು ಅಳಿಯುವುದಿಲ್ಲವಂತೆ, ಇದೇ ಬೇರೆಯಂತೆ. ಗುಟ್ಟು ಕಾಪಾಡುತ್ತೇನೆಂದು ನಾನು ಮಾತು ಕೊಟ್ಟವರೆಲ್ಲ ಅಲ್ಲಿದ್ದರು. ಮೊದಲು ಆ ಹೆಂಗಸಿನ ಹೆಸರನ್ನು ಹುಡುಕಿ ಅಳಿಸಿದೆ.

ಮುಂದಿನ ತಿಂಗಳು ಆ ಹೆಂಗಸು ಬಂದು ಬಾಗಿಲಲ್ಲೇ ನಿಂತರು. ಅವರನ್ನು ಕೆಲಸದಿಂದ ತೆಗೆದಿದ್ದರು.

'ಯಾರ್ಗೂ ಏಳ್ನಿಲ್ಲ ತಾನೆ ಅಣ್ಣಾ?'

'ಇಲ್ಲಮ್ಮ, ಯಾರಿಗೂ ಹೇಳಿಲ್ಲ.'

'ನಂಗೊತ್ತು. ನೀವು ಅಂಥೋರಲ್ಲ' ಎಂದು ಒಳಗೆ ಬಂದು ಕೂತರು. ಬೇರೆ ಕೆಲಸಕ್ಕೆ ಅರ್ಜಿ ಬೇಕಿತ್ತು. ಅವರ ಹೆಸರು ಹೊಡೆದೆ. ಕೆಂಪು ಗೆರೆ ಬಂತು. 'ಆ್ಯಡ್' ಒತ್ತದೆ ಹಾಗೇ ಬಿಟ್ಟೆ.